ಅಕ್ಕ, ತಂಗಿ ಮತ್ತು ಬಾಗಿಲಾಚೆಯವಳು

ಇಂಗ್ಲಿಷಿನ ‘ಸಿಸ್ಟರ್’ ಎಂಬ ಪದಕ್ಕೆ ಕನ್ನಡದ ಆಡುಮಾತಿನಲ್ಲಿ ಸರಿಸಮನಾದ ಪದವಿಲ್ಲ. ಅಕ್ಕ ಎನ್ನಬೇಕು, ಇಲ್ಲವೇ ತಂಗಿ ಎನ್ನಬೇಕು. ಯಾರು ಮೊದಲು ಹುಟ್ಟಿದರು ಎಂದು ಹೇಳದೆ ಸಂಬಂಧ ಹೇಳುವುದಕ್ಕೆ ನಮ್ಮ ಭಾಷೆ ಬಿಡುವುದಿಲ್ಲ. ‘ಸಹೋದರಿ’ ಇದೆ, ಆದರೆ ಅದು ವೇದಿಕೆಯ ಪದ. ‘ನನ್ನ ಸಹೋದರಿ ಸೊಪ್ಪು ತರಲು ಹೋಗಿದ್ದಾಳೆ’ ಎಂದು ಯಾವ ಮನೆಯಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆ ಪದದೊಳಗೂ ಉದರವಿದೆ, ‘ಒಡಹುಟ್ಟಿದವಳು’ ಎನ್ನುವಲ್ಲಿ ಹುಟ್ಟು ಇದೆ. ನಮ್ಮ ಪದಗಳನ್ನು ನಂಬುವುದಾದರೆ ಅಕ್ಕತಂಗಿಯರನ್ನು ಆರಿಸಿಕೊಳ್ಳಲು ಬರುವುದಿಲ್ಲ. ಅವರು ಸಿಗುತ್ತಾರೆ, ಅಷ್ಟೆ. ಇಷ್ಟವಾಗದಿದ್ದರೂ ಅವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆಯಬೇಕು.

ಇದೇ ಭಾಷೆಯಲ್ಲಿ ತರಕಾರಿ ಮಾರುವವಳೂ ಅಕ್ಕ, ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟವಳೂ ಅಕ್ಕ. ಶೂನ್ಯಸಂಪಾದನೆಯಲ್ಲಿ ಅಲ್ಲಮನ ಪ್ರಶ್ನೆಗಳನ್ನೆಲ್ಲ ಎದುರಿಸಿ ನಿಂತ ಮಹಾದೇವಿ ವಯಸ್ಸಿನಲ್ಲಿ ಕಿರಿಯಳಾದರೂ ಎಲ್ಲರಿಗೂ ಅಕ್ಕ. ಬೀದಿಯ ಈ ಅಕ್ಕತನಕ್ಕೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಅದರ ಮೇಲೆ ಹೆಚ್ಚಿನ ಹಕ್ಕೂ ಇಲ್ಲ. ತರಕಾರಿಯ ಅಕ್ಕ ರಾತ್ರಿ ಹನ್ನೆರಡಕ್ಕೆ ನನಗಾಗಿ ಎದ್ದು ಬರಬೇಕೆಂದು ನಾನು ನಿರೀಕ್ಷಿಸುವುದಿಲ್ಲ.

ಹುಟ್ಟಿನಿಂದ ಬಂದದ್ದೂ ಅಲ್ಲದ, ಬಾಯಿಮಾತಿನದೂ ಅಲ್ಲದ ಮೂರನೆಯ ಬಗೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದು ಅಮೆರಿಕಕ್ಕೆ ಪಿಎಚ್‌.ಡಿ.ಗೆ ಬಂದ ಮೇಲೆ. ಇಲ್ಲಿನ ಕಾಲೇಜುಗಳಲ್ಲಿ ‘ಸೊರಾರಿಟಿ’ ಎಂಬ ಹೆಣ್ಣುಮಕ್ಕಳ ಸಂಘಗಳಿವೆ. ಗ್ರೀಕ್ ಅಕ್ಷರಗಳ ಹೆಸರು, ಹಲವು ಕಡೆ ಕಂಬಗಳಿರುವ ದೊಡ್ಡ ಮನೆ, ಹೊರಗಿನವರಿಗೆ ಹೇಳಬಾರದ ದೀಕ್ಷಾವಿಧಿ, ದುಬಾರಿ ಚಂದಾ, ದಾನಧರ್ಮದ ಕಾರ್ಯಕ್ರಮಗಳು, ಪಾರ್ಟಿಗಳು. ಲ್ಯಾಟಿನ್‌ನ ‘ಸೊರೊರ್’ ಅಂದರೆ ಅಕ್ಕ ಅಥವಾ ತಂಗಿ. 1882ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಅಧ್ಯಾಪಕ ಫ್ರ್ಯಾಂಕ್ ಸ್ಮಾಲಿ ಈ ಹೆಸರನ್ನು ಸೂಚಿಸಿದರೆಂದು ಹೇಳುತ್ತಾರೆ. ಅದಕ್ಕೂ ಮೊದಲು ಇವು ‘ಹೆಣ್ಣುಮಕ್ಕಳ ಫ್ರೆಟರ್ನಿಟಿ’ಗಳು, ಅಂದರೆ ಹೆಣ್ಣುಮಕ್ಕಳ ಅಣ್ಣತಮ್ಮಂದಿರ ಸಂಘಗಳು! ಹೊಸದಾಗಿ ಸೇರಿದವಳಿಗೆ ಹಿರಿಯಳೊಬ್ಬಳನ್ನು ಗೊತ್ತುಮಾಡುತ್ತಾರೆ. ಹಿರಿಯಳು ‘ಬಿಗ್’, ಕಿರಿಯಳು ‘ಲಿಟಲ್’. ಬಿಗ್‌ಗೂ ಒಬ್ಬಳು ಬಿಗ್ ಇರುತ್ತಾಳಾದ್ದರಿಂದ ವಂಶವೃಕ್ಷಗಳೇ ಇವೆ. ತಮ್ಮ ಭಾಷೆಯಲ್ಲಿಲ್ಲದ ಅಕ್ಕ–ತಂಗಿ ಎಂಬ ಭೇದವನ್ನು ಹತ್ತೊಂಬತ್ತು ವರ್ಷದ ಹುಡುಗಿಯರು ತಾವಾಗಿಯೇ ಹುಟ್ಟಿಸಿಕೊಂಡಿರುವುದು ನನಗೆ ಮೊದಲು ತಮಾಷೆಯಾಗಿ ಕಂಡಿತು. ಆಮೇಲೆ ಅಷ್ಟು ತಮಾಷೆ ಅನ್ನಿಸಲಿಲ್ಲ.

ಏಕೆಂದರೆ ಈ ಅಕ್ಕತಂಗಿಯರು ಮತದಾನದಿಂದ ಆದವರು. ತರಗತಿ ಶುರುವಾಗುವ ಹೊತ್ತಿಗೆ ಒಂದು ವಾರ ‘ರಶ್’ ನಡೆಯುತ್ತದೆ. ಸಂಘಗಳು ಪೈಪೋಟಿಗೆ ಬಿದ್ದು ಹೊಸಬರನ್ನು ವರ್ಷದಿಂದ ವರ್ಷಕ್ಕೆ ಇನ್ನೂ ಬೇಗ, ಇನ್ನೂ ಬೇಗ ಹಿಡಿಯಲು ಧಾವಿಸಿದ್ದರಿಂದ ಬಂದ ಹೆಸರದು. ಹುಡುಗಿಯರು ಮನೆಯಿಂದ ಮನೆಗೆ ಹೋಗುತ್ತಾರೆ, ಬಾಗಿಲು ತೆರೆಯುತ್ತದೆ, ಒಳಗಿನವರು ಚಪ್ಪಾಳೆ ತಟ್ಟಿ ಹಾಡುತ್ತಾರೆ, ಕೆಲವು ನಿಮಿಷ ಮಾತು, ಮತ್ತೆ ಮುಂದಿನ ಮನೆ. ಪ್ರತಿ ಸುತ್ತಿನ ನಂತರ ಒಳಗಿನವರು ಅಂಕ ಹಾಕುತ್ತಾರೆ, ಹೊರಗಿನವರು ತಮ್ಮ ಆಯ್ಕೆಯ ಕ್ರಮ ಬರೆಯುತ್ತಾರೆ. ಕೊನೆಗೆ ಎರಡು ಪಟ್ಟಿಗಳನ್ನು ಹೊಂದಿಸಿ ಯಾರಿಗೆ ಯಾವ ಮನೆ ಎಂದು ತೀರ್ಮಾನವಾಗುತ್ತದೆ. ಕೆಲವರಿಗೆ ಯಾವ ಮನೆಯೂ ಇಲ್ಲ. 2021ರ ಆಗಸ್ಟ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಹುಡುಗಿಯರು ದಿನದಿನದ ಉಡುಪನ್ನು ಟಿಕ್‌ಟಾಕ್‌ನಲ್ಲಿ ತೋರಿಸತೊಡಗಿದ ಮೇಲೆ ಇಡೀ ಜಗತ್ತು ಇದನ್ನು ನೋಡಿ ನಕ್ಕಿತು. ನಗುವುದು ಸುಲಭ. ಅರ್ಥಶಾಸ್ತ್ರಜ್ಞರು ಇದನ್ನು ನಗದೇ ನೋಡಿದರು. ಮುಂದೆ 2012ರಲ್ಲಿ ನೊಬೆಲ್ ಪಡೆದ ಆಲ್ವಿನ್ ರಾತ್, ಸೂಸನ್ ಮಾಂಜೆಲ್ ಜೊತೆ 1991ರಲ್ಲಿ ಬರೆದ ಲೇಖನವೊಂದರ ವಿಷಯ ಸೊರಾರಿಟಿ ರಶ್. ಅವರು ಗಮನಿಸಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೊನೆಯ ರಾತ್ರಿ ಎರಡು ಮೂರು ಮನೆಗಳ ಹೆಸರು ಬರೆಯುವ ಅವಕಾಶವಿದ್ದರೂ ಬಹಳಷ್ಟು ಹುಡುಗಿಯರು ಒಂದೇ ಹೆಸರು ಬರೆಯುತ್ತಿದ್ದರು. ಆ ಮನೆ ಸಿಗದಿದ್ದರೆ ಏನೂ ಇಲ್ಲ. ಕ್ಯಾಂಪಸ್ಸಿನ ಮಾತಿನಲ್ಲಿ ಇದಕ್ಕೆ ‘ಆತ್ಮಹತ್ಯೆ’ ಎಂಬರ್ಥದ ಹೆಸರಿತ್ತು. ಸಿಕ್ಕವರ ಜೊತೆ ಹೊಂದಿಕೊಳ್ಳುವುದಕ್ಕಿಂತ ಯಾರೂ ಇಲ್ಲದಿರುವುದೇ ಮೇಲು ಎಂಬ ಈ ಹಟ ಗೆಳೆತನದ್ದೋ ಪ್ರೇಮದ್ದೋ ಇರಬಹುದು. ಅಕ್ಕತಂಗಿತನದ್ದಂತೂ ಅಲ್ಲ.

ಹಾಗಾದರೆ ಇದನ್ನು ‘ಗೆಳತಿಯರ ಬಳಗ’ ಎಂದು ಕರೆದು ಸುಮ್ಮನಿರಬಹುದಿತ್ತು. ಗೆಳತಿಯರನ್ನು ಆರಿಸಿಕೊಳ್ಳುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಪೂರ್ಣ ಅರ್ಥದ ಸ್ನೇಹ ಬಹಳ ಜನರೊಂದಿಗೆ ಸಾಧ್ಯವಿಲ್ಲ ಎಂದು ಅರಿಸ್ಟಾಟಲ್ ಕೂಡ ಒಪ್ಪಿದ್ದ. ‘ಅಕ್ಕತಂಗಿ’ ಎಂಬ ಪದವೇ ಏಕೆ ಬೇಕು? ನನಗೆ ತೋರುವಂತೆ ಈ ಪದದಿಂದ ಅವರು ಬಯಸುವುದು ಹುಟ್ಟಿನ ಸಂಬಂಧದಲ್ಲಿರುವ ಖಾತ್ರಿಯನ್ನು: ಜಗಳವಾದರೂ ನೀನು ನನ್ನವಳೇ, ನಾಳೆ ನಾನು ಬೇಸರದವಳಾದರೂ ನನ್ನನ್ನು ಬಿಡಲಾರೆ. ಆದರೆ ಒಳಗೆ ಬರುವ ತನಕ ಎಲ್ಲ ಷರತ್ತುಗಳೂ ಇರುತ್ತವೆ. ಮೊದಲ ದಿನ ಕಣ್ಣಿಗೆ ಕಣ್ಣಿಟ್ಟು ಅಳೆದವರೇ ಎಂಟನೇ ದಿನ ಅಪ್ಪಿಕೊಂಡು ‘ನೀನು ಮನೆಗೆ ಬಂದೆ’ ಎನ್ನುತ್ತಾರೆ.

ಇದರ ಹಿಂದಿನ ಚರಿತ್ರೆ ಇನ್ನೂ ತೊಡಕಿನದು. ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಆಸ್ಬರಿ ಎಂಬ ವಿಶ್ವವಿದ್ಯಾಲಯ 1867ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಮೊದಲು ಸೇರಿದವರಲ್ಲಿ ಬೆಟ್ಟಿ ಲಾಕ್ ಒಬ್ಬಳು. ತರಗತಿಯಲ್ಲಿ ಗಂಡುಹುಡುಗರ ಚೇಷ್ಟೆ, ಹೊರಗೆ ಊರಿನವರ ಕೊಂಕು. ಹುಡುಗರ ಫ್ರೆಟರ್ನಿಟಿಯೊಂದು ಅವಳಿಗೆ ತನ್ನ ಪದಕವನ್ನು ಧರಿಸಿಕೊಳ್ಳುವ ‘ಗೌರವ’ ಕೊಡಲು ಬಂತಂತೆ. ಸದಸ್ಯತ್ವ ಮಾತ್ರ ಕೊಡಲಿಲ್ಲ. ಪದಕ ಬೇಡ ಎಂದ ಅವಳು 1870ರ ಜನವರಿ 27ರಂದು ಮೂವರು ಗೆಳತಿಯರ ಜೊತೆ ಕಪ್ಪಾ ಆಲ್ಫಾ ಥೀಟಾ ಎಂಬ ಸಂಘ ಕಟ್ಟಿದಳು. ಇದು ಸಂಘದವರೇ ಹೇಳಿಕೊಂಡು ಬಂದ ಕಥೆ. ಸ್ವಲ್ಪ ಬಣ್ಣ ಬಿದ್ದಿರಬಹುದು, ಆದರೆ ತಿರುಳು ನಂಬುವಂತಿದೆ. ಅಲಂಕಾರಕ್ಕೆ ಬೇಕು, ಸಮಾನಳಾಗಿ ಬೇಡ ಎನ್ನಿಸಿಕೊಂಡವಳೊಬ್ಬಳು ತನ್ನದೇ ಮನೆ ಕಟ್ಟಿಕೊಂಡಳು.

ಅರವತ್ತು ವರ್ಷ ಮುಂದಕ್ಕೆ ಬರೋಣ. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜು. ಮಾಲಿ ಯಾರ್ಡ್ ಎಂಬ ವಿದ್ಯಾರ್ಥಿನಿ, ಚೀನಾದಲ್ಲಿ ಮೆಥಡಿಸ್ಟ್ ಮಿಷನರಿ ದಂಪತಿಗಳಿಗೆ ಹುಟ್ಟಿ ಬೆಳೆದವಳು, ಇದೇ ಥೀಟಾದ ಸದಸ್ಯೆ. ಯಹೂದಿ ವಿದ್ಯಾರ್ಥಿನಿಯೊಬ್ಬಳನ್ನು ಯಹೂದಿ ಎಂಬ ಕಾರಣಕ್ಕೇ ಸಂಘ ನಿರಾಕರಿಸಿತು. ಪದಕ ಮಾತ್ರ ಕೊಡುತ್ತೇವೆ ಎಂದವರ ವಿರುದ್ಧ ಕಟ್ಟಿದ ಮನೆ ಈಗ ತಾನೇ ಬಾಗಿಲು ಹಾಕಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಒಳಗಿನವಳು ಮಾಡಬಹುದಾದದ್ದು ಹಲವು. ಸುಮ್ಮನಿರಬಹುದು. ರಾಜೀನಾಮೆ ಕೊಟ್ಟು ಕೈತೊಳೆದುಕೊಳ್ಳಬಹುದು. ಒಳಗಿದ್ದೇ ಮನವೊಲಿಸುತ್ತೇನೆ ಎಂದು ನಾಲ್ಕು ವರ್ಷ ಕಳೆಯಬಹುದು. ಮಾಲಿ ಯಾರ್ಡ್ ಕ್ಯಾಂಪಸ್ಸಿನಲ್ಲಿ ಸೊರಾರಿಟಿ ಎಂಬುದೇ ಇರಬಾರದು ಎಂದು ಚಳವಳಿ ಕಟ್ಟಿದಳು. 1933ರಲ್ಲಿ ಸ್ವಾರ್ಥ್‌ಮೋರ್‌ನ ಸೊರಾರಿಟಿಗಳು ರದ್ದಾದವು. ಈಕೆಯೇ ಮುಂದೆ 1987ರಿಂದ 1991ರವರೆಗೆ ಅಮೆರಿಕದ ಅತಿದೊಡ್ಡ ಸ್ತ್ರೀವಾದಿ ಸಂಘಟನೆಗಳಲ್ಲೊಂದಾದ ‘ನೌ’ದ ಅಧ್ಯಕ್ಷೆಯಾದಳು.

ತನ್ನ ಅಕ್ಕತಂಗಿಯರ ಮನೆಯನ್ನೇ ಕೆಡವಿದವಳನ್ನು ಒಳ್ಳೆಯ ಅಕ್ಕ ಎನ್ನಬೇಕೋ ದ್ರೋಹಿ ಎನ್ನಬೇಕೋ? ನಾನು ಮೊದಲ ಮಾತನ್ನೇ ಹೇಳುತ್ತೇನೆ, ಆದರೆ ಅಷ್ಟು ಸಲೀಸಾಗಿ ಹೇಳಲಾರೆ. ಆ ಮನೆಯಲ್ಲಿ ಯಾರನ್ನೂ ನಿರಾಕರಿಸದ, ಓಟು ಹಾಕದ, ಸುಮ್ಮನೆ ಅಲ್ಲಿ ನೆಮ್ಮದಿ ಕಂಡುಕೊಂಡ ಹುಡುಗಿಯರೂ ಇದ್ದಿರಬೇಕು. ಅವರ ನೆಮ್ಮದಿಯೂ ಆ ವರ್ಷ ಹೋಯಿತು. ಸ್ವಾರ್ಥ್‌ಮೋರ್‌ನ ಕಥೆ ಅಲ್ಲಿಗೇ ಮುಗಿಯಲೂ ಇಲ್ಲ. ಎಂಬತ್ತು ವರ್ಷದ ನಂತರ, 2013ರಲ್ಲಿ, ವಿದ್ಯಾರ್ಥಿನಿಯರು ಮತ್ತೆ ಸೊರಾರಿಟಿ ಬೇಕೆಂದು ಕೇಳಿ ತಂದರು. ಬಂದದ್ದು ಅದೇ ಥೀಟಾ. ಹುಡುಗರಿಗೆ ಫ್ರೆಟರ್ನಿಟಿಗಳು ಇರುವಾಗ ನಮಗೇಕೆ ಇಲ್ಲ ಎಂಬುದು ಅವರ ನ್ಯಾಯವಾದ ಪ್ರಶ್ನೆಯಾಗಿತ್ತು; ಬೆಟ್ಟಿ ಲಾಕ್‌ಳದೂ ಹೆಚ್ಚುಕಡಿಮೆ ಅದೇ. 2019ರಲ್ಲಿ ಫ್ರೆಟರ್ನಿಟಿಯೊಂದರ ಹಳೆಯ ನಡಾವಳಿಗಳು ಬಯಲಾಗಿ, ಅದರಲ್ಲಿನ ಹೊಲಸು ಕಂಡು ವಿದ್ಯಾರ್ಥಿಗಳು ಧರಣಿ ಕೂತರು. ಕಾಲೇಜು ಕೊನೆಗೆ ಫ್ರೆಟರ್ನಿಟಿ, ಸೊರಾರಿಟಿ ಎರಡೂ ಬೇಡ ಎಂದು ತೀರ್ಮಾನಿಸಿತು. ಹುಡುಗರ ಮನೆಯ ಕೊಳಕಿಗೆ ಹುಡುಗಿಯರ ಸಂಘವೂ ಹೋಯಿತು.

ಹುಡುಗರ ಮನೆ ಎಂದಾಗ ನೆನಪಾಯಿತು. ಬಹುತೇಕ ಸೊರಾರಿಟಿ ಮನೆಗಳಲ್ಲಿ ಮದ್ಯ ನಿಷಿದ್ಧ. ಕೇಳಲು ಶಿಸ್ತಿನ ನಿಯಮ. ಪರಿಣಾಮ ಏನೆಂದರೆ ಪಾರ್ಟಿಗಳೆಲ್ಲ ಫ್ರೆಟರ್ನಿಟಿ ಮನೆಗಳಲ್ಲಿ. ಬಾಗಿಲಲ್ಲಿ ನಿಲ್ಲುವವನು ಹುಡುಗ, ಲೋಟಕ್ಕೆ ಸುರಿಯುವವನು ಹುಡುಗ, ಮಹಡಿಯ ಕೋಣೆಗಳ ಕೀಲಿ ಹುಡುಗನ ಕೈಯಲ್ಲಿ. ‘ಒಬ್ಬಳೇ ಮನೆಗೆ ಹೋಗಬೇಡ, ನಿನ್ನ ತಂಗಿಯರನ್ನು ಬಿಟ್ಟು ಬರಬೇಡ’ ಎಂಬುದು ಪ್ರತಿ ಸೊರಾರಿಟಿಯಲ್ಲೂ ಹೊಸಬರಿಗೆ ಕಲಿಸುವ ಪಾಠ. ಒಳ್ಳೆಯದೇ. ಆದರೆ ಅಪಾಯವಿರುವ ಕಡೆಗೇ ಪ್ರತಿ ಶನಿವಾರ ಒಟ್ಟಿಗೆ ಹೋಗಿ, ಅಲ್ಲಿ ಒಬ್ಬರನ್ನೊಬ್ಬರು ಕಾಯುವುದನ್ನು ಅಕ್ಕತಂಗಿತನ ಎಂದು ಕರೆದುಬಿಟ್ಟರೆ, ಅಲ್ಲಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆ ಏಳುವುದೇ ಇಲ್ಲ. ಬೆಲ್ ಹುಕ್ಸ್ 1984ರಲ್ಲೇ ಸ್ತ್ರೀವಾದಿಗಳ ‘ಸಿಸ್ಟರ್‌ಹುಡ್’ ಎಂಬ ಘೋಷಣೆಯನ್ನು ಇದೇ ರೀತಿ ಕೆದಕಿದ್ದಳು. ಪರಸ್ಪರ ಸಮಾಧಾನಪಡಿಸುವುದರಿಂದ ಮಾತ್ರ ಅಕ್ಕತಂಗಿತನ ನಿಲ್ಲುವುದಿಲ್ಲ, ಹೆಂಗಸರು ತಮ್ಮತಮ್ಮೊಳಗಿನ ವರ್ಗ–ವರ್ಣಗಳ ಬಿರುಕನ್ನು ಎದುರಿಸಿದರೆ ಮಾತ್ರ ಅದು ರಾಜಕೀಯ ಬಲವಾಗುತ್ತದೆ ಎಂಬುದು ಅವಳ ವಾದದ ಸಾರ.

ಹಾಗೆ ಬಲವಾದ ಉದಾಹರಣೆಯೂ ಇದೇ ಲೋಕದಲ್ಲಿದೆ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. ಕಮಲಾ ಹ್ಯಾರಿಸ್ 1986ರಲ್ಲಿ ಸೇರಿದ್ದು ಇದನ್ನೇ. 1913ರ ಜನವರಿಯಲ್ಲಿ ಅದರಿಂದ ಬೇರೆಯಾದ 22 ಮಂದಿ, ಸಾರ್ವಜನಿಕ ಕೆಲಸ ಇನ್ನಷ್ಟು ಬೇಕೆಂದು, ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಎರಡು ತಿಂಗಳೊಳಗೆ, ಮಾರ್ಚ್ 3ರಂದು, ಮಹಿಳಾ ಮತದಾನದ ಹಕ್ಕಿಗಾಗಿ ರಾಜಧಾನಿಯಲ್ಲಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಅವರು ನಡೆದರು. ಆ ಮೆರವಣಿಗೆಯಲ್ಲಿ ಕಪ್ಪು ಹೆಂಗಸರು ಹಿಂದೆ ಬರಲಿ ಎಂಬ ಮಾತು ಬಂದಿತ್ತು, ಐಡಾ ಬಿ. ವೆಲ್ಸ್ ಒಪ್ಪದೆ ಇಲಿನಾಯ್ಸ್ ತಂಡದ ಬಿಳಿಯ ಹೆಂಗಸರ ನಡುವೆಯೇ ಸೇರಿಕೊಂಡಳು. ಹೆಣ್ಣುಮಕ್ಕಳ ಹಕ್ಕಿನ ಮೆರವಣಿಗೆಯಲ್ಲೇ ಹಿಂದಿನ ಸಾಲು ತೋರಿಸಲ್ಪಟ್ಟವರಿಗೆ ತಮ್ಮದೇ ಬಾವುಟ ಬೇಕಾಗುತ್ತದೆ. ಈ ಸಂಘಗಳ ನಂಟು ಕಾಲೇಜು ಮುಗಿದ ಮೇಲೂ ಬಿಡುವುದಿಲ್ಲ. ಐವತ್ತು, ಅರವತ್ತು ವಯಸ್ಸಿನವರು ತಮ್ಮ ಊರಿನ ಶಾಖೆಯಲ್ಲಿ ಮತದಾರರ ನೋಂದಣಿ ಮಾಡಿಸುತ್ತಾರೆ, ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುತ್ತಾರೆ. ಯಹೂದಿ ಹುಡುಗಿಯರು 1909ರಲ್ಲಿ ಬಾರ್ನರ್ಡ್ ಕಾಲೇಜಿನಲ್ಲಿ ತಮ್ಮದನ್ನು ಕಟ್ಟಿಕೊಂಡರು. 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಮತ್ತು ನ್ಯೂಯಾರ್ಕ್‌ನಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಒಂದೊಂದು ಸೊರಾರಿಟಿ ಶುರುಮಾಡಿದರು. ಹಾಗೆಂದು ಇವು ಬಾಗಿಲಿಲ್ಲದ ಮನೆಗಳೇನಲ್ಲ. ಇವುಗಳಲ್ಲೂ ಆಯ್ಕೆಯಿದೆ, ನಿರಾಕರಣೆಯಿದೆ, ಗುಟ್ಟಿದೆ. ವ್ಯತ್ಯಾಸ ನನಗೆ ಕಾಣುವುದು ಇಷ್ಟರಲ್ಲಿ: ಊರಿನ ಎಲ್ಲ ಬಾಗಿಲೂ ಮುಚ್ಚಿದಾಗ ಕಟ್ಟಿದ ಮನೆಯ ಬಾಗಿಲಿಗೂ, ಊರನ್ನೇ ತನ್ನದಾಗಿಸಿಕೊಂಡವರ ಮನೆಯ ಬಾಗಿಲಿಗೂ ಒಂದೇ ತೂಕವಿಲ್ಲ.

ಇಲ್ಲಿಯವರೆಗಿನದು ಪುಸ್ತಕದ ಮಾತು. ಹಿಂದಿನ ಒಂದು ವರ್ಷ ನಾನು ನೀತಿಶಾಸ್ತ್ರದ ಪ್ರಾಥಮಿಕ ಕೋರ್ಸಿಗೆ ಬೋಧನಾ ಸಹಾಯಕಿಯಾಗಿದ್ದೆ. ತರಗತಿಯಲ್ಲಿ ಒಬ್ಬಳ ತಂದೆತಾಯಿ ದಾವಣಗೆರೆ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ನನ್ನ ಆಫೀಸಿಗೆ ಮೊದಲ ಸಲ ಬಂದವಳು ಹೇಗೆ ಕರೆಯಬೇಕೆಂದು ಗೊತ್ತಾಗದೆ ತಡವರಿಸಿ ಕೊನೆಗೆ ‘ಅಕ್ಕಾ’ ಎಂದಳು, ಆಮೇಲೆ ನಾಚಿಕೊಂಡಳು. (ಅವಳ ಪ್ರಬಂಧಗಳನ್ನು ಅಂದಿನಿಂದ ಇನ್ನೊಬ್ಬ ಸಹಾಯಕನಿಗೆ ಮೌಲ್ಯಮಾಪನಕ್ಕೆ ಕೊಟ್ಟೆ. ಒಂದು ಪದಕ್ಕೆ ಇಷ್ಟು ತಾಕತ್ತಿದೆ.) ಅವಳೂ ಅವಳ ರೂಮ್‌ಮೇಟೂ ಒಟ್ಟಿಗೆ ರಶ್‌ಗೆ ಹೋಗಿದ್ದರು. ಇವಳಿಗೆ ಬಯಸಿದ ಮನೆ ಸಿಕ್ಕಿತು. ರೂಮ್‌ಮೇಟ್ ಮೂರನೇ ಸುತ್ತಿಗೆ ಎಲ್ಲ ಮನೆಗಳಿಂದಲೂ ಹೊರಗೆ. ‘ಅವಳನ್ನು ಬೇಡ ಎಂದವರಿಗೆ ನಾನು ತಂಗಿಯಾಗಬಹುದಾ?’ ಎಂಬುದು ಅವಳ ಪ್ರಶ್ನೆ. ಸೇರಬೇಡ ಎಂದು ಹೇಳುವಷ್ಟು ಧೈರ್ಯವಾಗಲಿ, ಸೇರು ಎನ್ನುವಷ್ಟು ನಂಬಿಕೆಯಾಗಲಿ ನನ್ನಲ್ಲಿರಲಿಲ್ಲ. ಅವಳು ಸೇರಿದಳು.

ಫೆಬ್ರುವರಿಯಲ್ಲಿ ಒಂದು ರಾತ್ರಿ ಅವಳ ತಂದೆಗೆ ಹೃದಯಾಘಾತವಾಯಿತು. ಊರು ಆರು ಗಂಟೆಯ ದಾರಿ, ಹೊರಗೆ ಹಿಮ. ಸಂಘದ ಮೂವರು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸರದಿಯ ಮೇಲೆ ಓಡಿಸುತ್ತ ಬೆಳಗಾಗುವ ಮೊದಲೇ ಆಸ್ಪತ್ರೆ ಮುಟ್ಟಿಸಿದರು. ಮರುದಿನ ಅವರಲ್ಲಿ ಒಬ್ಬಳಿಗೆ ರಸಾಯನಶಾಸ್ತ್ರದ ಪರೀಕ್ಷೆಯಿತ್ತು, ಬರೆಯಲಿಲ್ಲ. ತಂದೆ ಉಳಿದರು. ಈ ಮೂವರಲ್ಲಿ ಇಬ್ಬರು ಇವಳಿಗೆ ಐದು ತಿಂಗಳ ಹಿಂದೆ ಅಂಕ ಹಾಕಿದವರು. ಕೃತಕ, ಕೊಂಡುಕೊಂಡ, ನಾಟಕದ ಸಂಬಂಧ ಎಂದು ಇಂಥ ಸಂಘಗಳ ಬಗ್ಗೆ ನಮ್ಮ ಸಂಶೋಧಕರ ಕೋಣೆಯಲ್ಲಿ ಆಡುವ ಮಾತೆಲ್ಲ ಆ ಆರು ಗಂಟೆಯ ಹಿಮದ ಮುಂದೆ ನಿಲ್ಲುವುದಿಲ್ಲ. ಮತದಾನದಿಂದ ಶುರುವಾದದ್ದು ನಿಜವಾಗಲಾರದು ಎಂದು ಎಲ್ಲಿದೆ? ಮದುವೆಗಳು ಇದಕ್ಕಿಂತ ಸಣ್ಣ ಸಂದರ್ಶನದಿಂದ ಶುರುವಾಗುತ್ತವೆ.

ರೂಮ್‌ಮೇಟ್ ಆ ರಾತ್ರಿ ಏನು ಮಾಡಿದಳು ಎಂದು ನಾನು ಆಮೇಲೆ ಕೇಳಿದೆ. ಅವಳು ಬಟ್ಟೆ ತುಂಬಿ ಕೊಟ್ಟಳು, ಅಧ್ಯಾಪಕರಿಗೆಲ್ಲ ಇಮೇಲ್ ಬರೆದಳು, ಬೆಳಗಿನ ತನಕ ಫೋನ್ ಹಿಡಿದು ಕೂತಳು. ಹೋಗಲಿಲ್ಲ, ಏಕೆಂದರೆ ಅವಳಲ್ಲಿ ಕಾರಿರಲಿಲ್ಲ, ಬೆಳಿಗ್ಗೆ ಆರಕ್ಕೆ ಕ್ಯಾಂಟೀನಿನಲ್ಲಿ ಕೆಲಸವಿತ್ತು. ಕಾರಿದ್ದವರು, ಒಂದು ಪರೀಕ್ಷೆ ಬಿಟ್ಟರೂ ನಡೆಯುವವರು ಸಂಘದಲ್ಲಿದ್ದರು.

ಸ್ಯಾಮ್ಯುಯೆಲ್ ಶೆಫ್ಲರ್ ಎಂಬ ತತ್ತ್ವಶಾಸ್ತ್ರಜ್ಞ 1997ರ ಒಂದು ಪ್ರಬಂಧದಲ್ಲಿ ವಿಶೇಷ ಸಂಬಂಧಗಳ ಮೇಲಿನ ಆಕ್ಷೇಪವೊಂದನ್ನು ಬಿಡಿಸಿ ಇಡುತ್ತಾನೆ. ನಾವು ಒಬ್ಬರಿಗೊಬ್ಬರು ವಿಶೇಷ ಎಂದು ಒಂದು ಗುಂಪು ತೀರ್ಮಾನಿಸಿದಾಗ ಅದರ ಸದಸ್ಯರಿಗೆ ಎರಡು ಲಾಭ: ಸಂಬಂಧದ ಸುಖ ಒಂದು, ಕಷ್ಟದಲ್ಲಿ ಪರಸ್ಪರರ ಮೇಲೆ ಮೊದಲ ಹಕ್ಕು ಇನ್ನೊಂದು. ಹೊರಗಿನವರಿಗೆ ಆ ಸುಖವೂ ಇಲ್ಲ, ಸಾಲಿನಲ್ಲಿ ಹಿಂದೆಯೂ ಬೀಳುತ್ತಾರೆ, ಅದೂ ತಮ್ಮನ್ನು ಕೇಳದೆಯೇ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಇದು ಲೆಕ್ಕಾಚಾರದಂತೆ ಕಾಣುತ್ತಿತ್ತು. ಫೆಬ್ರುವರಿಯ ನಂತರ ಹಾಗೆ ಕಾಣುವುದಿಲ್ಲ. ಆ ರಾತ್ರಿ ಹೃದಯಾಘಾತ ರೂಮ್‌ಮೇಟಿನ ತಂದೆಗೆ ಆಗಿದ್ದರೆ? ಆ ಮೂವರು ಕೆಟ್ಟವರಲ್ಲ, ಬಹುಶಃ ಅವಳನ್ನೂ ಕರೆದೊಯ್ಯುತ್ತಿದ್ದರು, ಅವಳು ಅವರ ಬಾಗಿಲು ತಟ್ಟಿದ್ದರೆ. ಆದರೆ ಮೂರನೇ ಸುತ್ತಿನಲ್ಲಿ ತನ್ನನ್ನು ಕೈಬಿಟ್ಟವರ ಬಾಗಿಲನ್ನು ಅವಳು ರಾತ್ರಿ ಒಂದಕ್ಕೆ ತಟ್ಟುತ್ತಿರಲಿಲ್ಲ. ನಿರಾಕರಣೆಯ ನಿಜವಾದ ಹಾನಿ ನನಗೆ ಇಲ್ಲಿ ಕಾಣುತ್ತದೆ, ಆ ವಾರದ ಅಳುವಿನಲ್ಲಲ್ಲ. ಕೇಳುವ ಬಾಯನ್ನೇ ಅದು ಕಟ್ಟಿಬಿಡುತ್ತದೆ.

ಹಾಗೆಂದು ಎಲ್ಲ ವಿಶೇಷ ಸಂಬಂಧಗಳನ್ನೂ ಕರಗಿಸಿ ಸಮನಾಗಿ ಹಂಚೋಣ ಎಂದರೆ ಆ ಆರು ಗಂಟೆಯ ದಾರಿಗೆ ಯಾರೂ ಹೊರಡದೆ ಹೋಗಬಹುದು. ಎಲ್ಲರಿಗೂ ಅಕ್ಕ ಎನ್ನುವ ನಮ್ಮ ಬೀದಿಯ ಅಕ್ಕತನಕ್ಕೆ ಹಿಮದಲ್ಲಿ ಕಾರು ಓಡಿಸುವ ಬಲವಿಲ್ಲವೆಂದು ಮೊದಲೇ ಹೇಳಿದೆ. ಹಾಗಾಗಿ ನಾನು ಕೇಳಬೇಕೆಂದಿರುವುದು ಸಂಘ ಇರಬೇಕೋ ಬೇಡವೋ ಎಂಬುದಕ್ಕಿಂತ, ಒಳಗಿನವಳಿಗೆ ಹೊರಗಿನವಳ ಬಗ್ಗೆ ಏನು ಹೊಣೆಯಿದೆ ಎಂಬುದನ್ನು. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ‘ಕ್ರಿಮ್ಸನ್ ವೈಟ್’ ಒಂದು ವರದಿ ಪ್ರಕಟಿಸಿತು. ಎಲ್ಲ ಅರ್ಹತೆಯಿದ್ದ ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಬಿಳಿಯರ ಸೊರಾರಿಟಿಗಳೆಲ್ಲ ಕೈಬಿಟ್ಟಿದ್ದವು. ಗವರ್ನರ್ ಜಾರ್ಜ್ ವಾಲೆಸ್ ಇದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನಿಂತು ಸರಿಯಾಗಿ ಐವತ್ತು ವರ್ಷವಾಗಿತ್ತು. ವರದಿಯ ಮುಖ್ಯ ಸಂಗತಿ ಬೇರೆ: ಅವಳು ಬೇಕು ಎಂದ ವಿದ್ಯಾರ್ಥಿನಿಯರು ಒಳಗಿದ್ದರು, ಹಳೆಯ ಸದಸ್ಯೆಯರು ಅಡ್ಡಬಂದರು, ಮತ್ತು ಒಳಗಿನ ಕೆಲವರು ಸಂಘದ ಗುಟ್ಟಿನ ನಿಯಮ ಮೀರಿ ಪತ್ರಿಕೆಗೆ ಹೇಳಿದರು. ಪ್ರತಿಭಟನೆ ನಡೆಯಿತು, ವಿಶ್ವವಿದ್ಯಾಲಯ ಆಯ್ಕೆಯನ್ನು ಮತ್ತೆ ತೆರೆಸಿತು, ಕೆಲವೇ ದಿನಗಳಲ್ಲಿ ಹಲವು ಮನೆಗಳು ಕಪ್ಪು ಹುಡುಗಿಯರನ್ನು ಸೇರಿಸಿಕೊಂಡವು. ಗುಟ್ಟು ಒಡೆದವರು ಪ್ರತಿಜ್ಞೆ ಮುರಿದರು, ನಿಜ. ಆದರೆ ಆ ಪ್ರತಿಜ್ಞೆ ಮಾಡುವಾಗ ಅವರಿಗೆ ಕಾಯಲು ಕೊಟ್ಟದ್ದು ಒಬ್ಬರನ್ನೊಬ್ಬರನ್ನು, ಬಾಗಿಲ ಚಿಲಕವನ್ನಲ್ಲ.

ದಾವಣಗೆರೆಯವರ ಮಗಳು ಈ ಆಗಸ್ಟ್‌ನಲ್ಲಿ ಬಾಗಿಲ ಒಳಗಡೆ ನಿಂತಿದ್ದಳು. ಹಾಡಿದಳು, ಚಪ್ಪಾಳೆ ತಟ್ಟಿದಳು, ಫೋನಿನಲ್ಲಿ ಅಂಕ ಒತ್ತಿದಳು. ಒಬ್ಬ ಹುಡುಗಿ ಗಾಬರಿಯಲ್ಲಿ ತನ್ನ ಮನೆಯ ನಾಯಿಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ. ಇವಳು ಪೂರ್ತಿ ಅಂಕ ಕೊಟ್ಟಳು. ಮರುದಿನದ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಏಕೆ ಎಂದು ಕೇಳಿದರೆ ಅದನ್ನು ಕೇಳುವ ಹಾಗಿಲ್ಲ ಎಂದರು. ‘ಅಲ್ಲಾ ಅಕ್ಕಾ, ನನಗೂ ಹೇಳುವ ಹಾಗಿಲ್ಲ ಅಂದ್ರೆ ನಾನು ಒಳಗಿದ್ದೀನಾ, ಹೊರಗಿದ್ದೀನಾ?’ ಎಂದಳು. ಸಂಘ ಬಿಡುವ ಯೋಚನೆ ಅವಳಿಗಿಲ್ಲ. ಆ ಮೂವರನ್ನು ಬಿಟ್ಟು ಎಲ್ಲಿಗೆ ಹೋಗಲಿ ಎನ್ನುತ್ತಾಳೆ. ಆಯ್ಕೆಯ ಉಸ್ತುವಾರಿ ನೋಡುವ ಹುದ್ದೆಗೆ ನಿಲ್ಲುತ್ತಿದ್ದಾಳೆ. ಅಮ್ಮ ಸದಸ್ಯೆಯಾಗಿದ್ದರೆ ಮಗಳಿಗೆ ಕೊಡುವ ಆದ್ಯತೆ ತೆಗೆಯುವುದು, ಚಂದಾ ಕಟ್ಟಲಾಗದವರಿಗೆ ನಿಧಿ ಮಾಡುವುದು, ಕೈಬಿಟ್ಟ ಪ್ರತಿ ಹೆಸರಿಗೂ ಕಾರಣ ಬರೆದಿಡುವುದು ಎಂದು ಪಟ್ಟಿ ಮಾಡಿಕೊಂಡಿದ್ದಾಳೆ. ಪಟ್ಟಿಯ ಕೈಬರಹ ಅವಳದಾಗಿರಲಿಲ್ಲ. ರೂಮ್‌ಮೇಟಿನದಂತೆ. ಚುನಾವಣೆ ನವೆಂಬರ್‌ನಲ್ಲಿ.